ಅಳದೆ ಅಳಿಸುವ ಇಬ್ಬರು: ಮೊದಲು ಯಾರನ್ನು ನೋಡೋಣ?

ಕೂಗಾಟ, ಕಣ್ಣೀರು ಇಲ್ಲದ ನಟನೆ ನೋಡಬೇಕು ಅನ್ನಿಸಿದೆಯಾ? ನನ್ನ ಆಯ್ಕೆಯಲ್ಲಿ ಎರಡು ಸಿನಿಮಾ ಇವೆ. ಒಂದು 1993ರ ‘ದಿ ರಿಮೇನ್ಸ್ ಆಫ್ ದಿ ಡೇ’, ಆಂಥನಿ ಹಾಪ್ಕಿನ್ಸ್ ಅವರದ್ದು. ಇನ್ನೊಂದು ಟೋನಿ ಲ್ಯೂಂಗ್ ನಟಿಸಿರುವ ‘ಇನ್ ದ ಮೂಡ್ ಫಾರ್ ಲವ್’, 2000ನೇ ಇಸವಿಯದು. ಎರಡರಲ್ಲೂ ಇರುವುದು ಬಾಯಿಬಿಟ್ಟು ಹೇಳಲಾಗದ ಪ್ರೀತಿ.

ಹಾಪ್ಕಿನ್ಸ್ ಇಲ್ಲಿ ದೊಡ್ಡ ಬಂಗಲೆಯೊಂದರ ಬಟ್ಲರ್, ಅಂದರೆ ಮನೆಯ ಮುಖ್ಯ ಸೇವಕ. ಮನಸ್ಸಿನಲ್ಲಿರುವುದನ್ನು ತೋರಿಸದಿರುವುದೇ ಅವನ ಕೆಲಸ. ಏನು ಓದುತ್ತಿದ್ದೀರಿ ಎಂದು ಕೇಳುತ್ತಾ, ಅದೇ ಮನೆಯ ಹೌಸ್‌ಕೀಪರ್ ಆಗಿರುವ ಎಮ್ಮಾ ಥಾಂಪ್ಸನ್ ಅವನ ಕೈಯಿಂದ ಪುಸ್ತಕ ಬಿಡಿಸಿಕೊಳ್ಳುವ ದೃಶ್ಯವಿದೆ. ಒಂದೊಂದೇ ಬೆರಳು ಬಿಡಿಸುತ್ತಾಳೆ. ಅವನು ಕದಲುವುದಿಲ್ಲ. ಕಣ್ಣು ಮಾತ್ರ ಅವಳ ಮುಖದ ಮೇಲೆ. ಈಗ ಮುಟ್ಟುತ್ತಾನೆ, ಈಗ ಮುಟ್ಟುತ್ತಾನೆ ಎಂದು ನಾವು ಉಸಿರು ಹಿಡಿದು ಕಾಯುತ್ತೇವೆ. ಮುಟ್ಟುವುದಿಲ್ಲ! ನನಗಂತೂ ಸಿಟ್ಟೇ ಬಂದಿತ್ತು. ಅವನು ಮಾತಾಡುತ್ತಾನೆ, ಜಾಸ್ತಿಯೇ ಮಾತಾಡುತ್ತಾನೆ, ಆದರೆ ಆ ಮಾತೆಲ್ಲ ಮರೆಮಾಚುವುದಕ್ಕೆ.

ಲ್ಯೂಂಗ್ ಹಾಗಲ್ಲ, ಸುಮ್ನೆ ಇರುತ್ತಾರೆ. ಸಿಗರೇಟಿನ ಹೊಗೆ, ಇಕ್ಕಟ್ಟಾದ ಓಣಿ, ಮತ್ತೆ ಮತ್ತೆ ಬರುವ ವಾಲ್ಟ್ಜ್ ಸಂಗೀತ, ಇವೇ ಅರ್ಧ ಭಾರ ಹೊರುತ್ತವೆ. ಈ ಪಾತ್ರಕ್ಕೆ ಅವರಿಗೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ನಟನೆಯನ್ನೇ ಗಮನಿಸಿ ನೋಡುವವರು ಹಾಪ್ಕಿನ್ಸ್ ಅವರಿಂದ ಶುರು ಮಾಡಿ. ಎರಡು ಗಂಟೆಗೂ ಜಾಸ್ತಿ ಇದೆ, ನಿಧಾನ ಬೇರೆ. ಅಷ್ಟು ತಾಳ್ಮೆ ಇಲ್ಲ ಅಂದರೆ ಲ್ಯೂಂಗ್ ಅವರದ್ದು ನೋಡಿ, ಸುಮಾರು ಒಂದೂವರೆ ಗಂಟೆ ಅಷ್ಟೇ.