ಶಿವರಾತ್ರಿ ಹೊತ್ತಿನ ಹಕ್ಕಿ ನೋಟ: ರಂಗನತಿಟ್ಟೋ, ಕೊಕ್ಕರೆ ಬೆಳ್ಳೂರೋ, ಮಾಗಡಿ ಕೆರೆಯೋ?

ಫೆಬ್ರವರಿ, ಮಾರ್ಚ್ ಬಂತೆಂದರೆ ನೀರುಹಕ್ಕಿ ನೋಡುವವರಿಗೆ ಹಬ್ಬ. ಉತ್ತರದಿಂದ ವಲಸೆ ಬಂದವು ಇನ್ನೂ ಪೂರ್ತಿ ಹೊರಟಿರುವುದಿಲ್ಲ, ಇಲ್ಲಿನವು ಆಗಲೇ ಗೂಡಿನಲ್ಲಿ ಕೂತಿರುತ್ತವೆ. ಎಲ್ಲಿಗೆ ಹೋಗೋಣ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಒಂದೇ: ಬೈನಾಕ್ಯುಲರ್ ಇದೆಯಾ? ಜಾಗಗಳೆಲ್ಲ ಚೆನ್ನಾಗೇ ಇವೆ. ಹಕ್ಕಿ ನಮ್ಮಿಂದ ಎಷ್ಟು ದೂರ ಇರುತ್ತದೆ ಅನ್ನುವುದರಲ್ಲೇ ವ್ಯತ್ಯಾಸ.

ರಂಗನತಿಟ್ಟಿನಲ್ಲಿ ಆ ದೂರವನ್ನು ದೋಣಿ ಕಡಿಮೆ ಮಾಡುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಮೈಸೂರು ಅರಸರು 1940ರಲ್ಲಿ ಪಕ್ಷಿಧಾಮ ಮಾಡಿದ ಜಾಗ ಇದು. ಕಾವೇರಿಗೆ ಹಿಂದೆ ಕಟ್ಟಿದ ಒಡ್ಡಿನಿಂದಾಗಿ ನಡುವೆ ತಿಟ್ಟುಗಳು ಉಳಿದವು. ಸುತ್ತ ನೀರು, ನೀರಲ್ಲಿ ಮೊಸಳೆ. ಗೂಡಿನ ಹತ್ತಿರ ನಾಯಿಯೂ ಬರಲ್ಲ, ಮನುಷ್ಯನೂ ಬರಲ್ಲ. ಅದಕ್ಕೇ ಹಕ್ಕಿಗಳಿಗೆ ಅಷ್ಟು ಧೈರ್ಯ. ಬಂಡೆಯ ಮೇಲೆ ರಿವರ್ ಟರ್ನ್ ಅನ್ನುವ ನೀರುಹಕ್ಕಿ ಮೊಟ್ಟೆಗೆ ಕೂತಿರುವಾಗ ದೋಣಿ ಪಕ್ಕದಲ್ಲೇ ಸಾಗುತ್ತದೆ. ಬಂಡೆಯ ಅಡಿಗೆ ಕವಲುತೋಕೆಗಳು ಕಟ್ಟಿದ ಮಣ್ಣಿನ ಗೂಡುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬರಿಗಣ್ಣೇ ಸಾಕು.

ನನ್ನ ತಕರಾರು ಸಮಯದ್ದು. ಬೆಳಕು ಹರಿಯುವ ಹೊತ್ತಿಗೆ ಒಳಗೆ ಬಿಡುವುದಿಲ್ಲ, ದೋಣಿ ಹೊರಡುವಷ್ಟರಲ್ಲಿ ಬಿಸಿಲು ಚುರುಕಾಗಿರುತ್ತದೆ. ಒಂದು ಹಕ್ಕಿಯನ್ನು ಇನ್ನೊಂದು ಸ್ವಲ್ಪ ಹೊತ್ತು ನೋಡೋಣ ಅನ್ನಿಸಿದಾಗ ದೋಣಿ ಮುಂದೆ ಹೋಗಿರುತ್ತದೆ. ಭಾನುವಾರವಾದರೆ ಸೆಲ್ಫಿ, ಕೂಗಾಟ ಬೇರೆ. ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗುವುದಾದರೆ ಇಲ್ಲಿಗೇ ಹೋಗಿ, ಆದರೆ ವಾರದ ಮಧ್ಯೆ.

ನನ್ನನ್ನೇ ಕೇಳಿದರೆ ಕೊಕ್ಕರೆ ಬೆಳ್ಳೂರು. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಹೋಗುವಾಗ ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದ ಹತ್ತಿರ ತಿರುಗಿಕೊಳ್ಳಬೇಕು. ಗೇಟಿಲ್ಲ, ದೋಣಿಯಿಲ್ಲ. ಊರೊಳಗೆ ನಡೆಯುತ್ತಾ ತಲೆಯೆತ್ತಿದರೆ ಹುಣಸೆಮರದ ತುಂಬ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ. ಕೆಳಗೆ ಹಸು ಕಟ್ಟಿರುತ್ತಾರೆ, ಪಾತ್ರೆ ತೊಳೆಯುತ್ತಿರುತ್ತಾರೆ. ಹೆಜ್ಜಾರ್ಲೆ ಮರಿ ತಾಯಿಯ ಗಂಟಲಚೀಲದೊಳಗೆ ತಲೆಯನ್ನೇ ತೂರಿಸಿ ಮೀನು ತಿನ್ನುವುದನ್ನು ನೋಡಬೇಕು. ಕತ್ತಿನವರೆಗೂ ಒಳಗೆ! ತಾಯಿ ಕೊಕ್ಕು ತೆರೆದು ಅಲ್ಲಾಡುತ್ತಾ ನಿಂತಿರುತ್ತದೆ, ಮರಿ ಹೊರಗೆ ಬರುವುದೇ ಇಲ್ಲ. ಸದ್ದೆಲ್ಲ ಮರಿಗಳದ್ದೇ, ದೊಡ್ಡವು ಹೆಚ್ಚುಕಡಿಮೆ ಮೂಗರು. ಕೊಕ್ಕರೆಗಳು ಮಾತ್ರ ಕೊಕ್ಕು ತಟ್ಟಿ ಟಕಟಕ ಅನ್ನಿಸುತ್ತವೆ.

ಗೂಡಿನ ಕಾಲ, ಹುಣಸೆಹಣ್ಣು ಉದುರಿಸುವ ಕಾಲ ಎರಡೂ ಒಟ್ಟಿಗೇ ಬರುತ್ತವೆ. ಮರ ಬಡಿದರೆ ಮರಿ ಬೀಳುತ್ತದೆ, ಬಡಿಯದಿದ್ದರೆ ಮನೆಯವರಿಗೆ ನಷ್ಟ. ಅದಕ್ಕೇ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಬಂತು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೂ ಆಯಿತು. ಹಿಕ್ಕೆ ಹೊಲಕ್ಕೆ ಗೊಬ್ಬರ. ನೆಂಟರಿಗೆ ಮಾತ್ರ ಟೋಪಿ ಕಡ್ಡಾಯ, ಮರದ ಕೆಳಗೆ ಬಾಯಿ ತೆರೆದು ಮೇಲೆ ನೋಡಬೇಡಿ. ಮೀನಿನ ವಾಸನೆ ಜಾಸ್ತಿ, ಆಗದವರಿಗೆ ಆಗಲ್ಲ. ವೈವಿಧ್ಯ ಹುಡುಕುವವರಿಗೂ ಇದು ಸ್ವಲ್ಪ ಬೇಸರ ಆಗಬಹುದು, ಯಾಕೆಂದರೆ ಮುಖ್ಯವಾಗಿ ಈ ಎರಡು ಹಕ್ಕಿಗಳೇ. ನನಗೆ ಆ ಎರಡೇ ಸಾಕು.

ಮಾಗಡಿ ಕೆರೆ ಅಂದರೆ ಬೆಂಗಳೂರು ಪಕ್ಕದ ಮಾಗಡಿ ಅಲ್ಲ, ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನದು. ಇಲ್ಲಿಗೆ ಬರಿಗೈಯಲ್ಲಿ ಹೋಗಿ ಪ್ರಯೋಜನ ಇಲ್ಲ. ಪಟ್ಟೆತಲೆ ಹೆಬ್ಬಾತುಗಳು ನೀರಿನ ಆಚೆ ದಡದಲ್ಲಿ ಬೂದು ಗೆರೆಯ ಹಾಗೆ ಕಾಣುತ್ತವೆ. ಸ್ಪಾಟಿಂಗ್ ಸ್ಕೋಪಿಗೆ (ಹಕ್ಕಿ ನೋಡುವ ದೂರದರ್ಶಕ) ಕಣ್ಣಿಟ್ಟರೆ ಆಗ ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಹಿಮಾಲಯ ದಾಟಿ ಬಂದ ಹಕ್ಕಿಗಳು ಇವು. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ಹಾಕಿದ ಬಾತುಗಳೂ ಕರ್ನಾಟಕದಲ್ಲಿ ಕಂಡಿವೆ, ಆದ್ದರಿಂದ ಒಂದೊಂದೇ ಕತ್ತು ನೋಡುತ್ತಾ ಹೋಗುವುದೇ ಒಂದು ಆಟ. ರಾತ್ರಿ ಸುತ್ತಲ ಹೊಲಗಳಲ್ಲಿ ಮೇದು ಬೆಳಿಗ್ಗೆ ಕೆರೆಗೆ ವಾಪಸ್ಸು ಬರುತ್ತವೆ. ಸಾಲು ಸಾಲಾಗಿ ಕೂಗುತ್ತಾ ಇಳಿಯುವ ಆ ಹೊತ್ತಿಗೆ ದಡದಲ್ಲಿರಬೇಕು, ಅಂದರೆ ಹಿಂದಿನ ರಾತ್ರಿ ಗದಗದಲ್ಲೋ ಲಕ್ಷ್ಮೇಶ್ವರದಲ್ಲೋ ಉಳಿಯಬೇಕು. ಫೆಬ್ರವರಿ ಮುಗಿಯುತ್ತಾ ಬಂದಂತೆ ಖಾಲಿಯಾಗತೊಡಗುತ್ತವೆ. ಯುಗಾದಿ ರಜೆಗೆ ಹೋಗೋಣ ಅಂತ ಇಟ್ಟುಕೊಂಡರೆ ಬರೀ ಕೆರೆ ನೋಡಿ ಬರಬೇಕಾಗುತ್ತದೆ.

ಬಾತು ಹೋದ ಮೇಲೆ ಎಲ್ಲಿಗೆ ಅಂದರೆ, ಕುಮಟಾದ ಅಘನಾಶಿನಿ ಅಳಿವೆ. ಮಾಗಡಿ ಕೆರೆಯ ಜೊತೆಗೇ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ, ಸೇರಿದ್ದು. ಇಲ್ಲಿ ಗಡಿಯಾರ ನಮ್ಮದಲ್ಲ, ಸಮುದ್ರದ್ದು. ಭರತ ಇದ್ದಾಗ ಹೋದರೆ ಸುಮ್ನೆ ನೀರು. ಇಳಿತವಾಗಿ ಕೆಸರು ತೆರೆದುಕೊಂಡಾಗ ಒಂದು ಕಡೆ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು, ಇನ್ನೊಂದು ಕಡೆ ಕೆಸರಲ್ಲಿ ಮೇಯುವ ಸ್ಯಾಂಡ್ ಪ್ಲೋವರ್ ಅನ್ನುವ ಪುಟ್ಟ ದಡದ ಹಕ್ಕಿಗಳು. ಚಳಿಗಾಲವೆಲ್ಲ ಮಣ್ಣು ಬಣ್ಣದಲ್ಲಿದ್ದ ಇವುಗಳ ಎದೆಗೆ ಮಾರ್ಚಿನಲ್ಲಿ ಕೆಂಪು ಬರಲು ಶುರುವಾಗುತ್ತದೆ. ಹಕ್ಕಿ ಗುರುತಿಸುವುದರಲ್ಲಿ ಸ್ವಲ್ಪ ಪಳಗಿದವರಿಗೆ ಇದು. ಹೊಸಬರಿಗೆ ಎಲ್ಲವೂ ಒಂದೇ ಥರ ಕಂಡು ತಲೆ ಕೆಡುತ್ತದೆ. ಹೊರಡುವ ಮುಂಚೆ ಮೊಬೈಲಿನಲ್ಲಿ ಭರತ ಇಳಿತದ ವೇಳೆ ನೋಡಿಕೊಳ್ಳಿ, ಒಳ್ಳೆಯ ಶೂ ಮನೆಯಲ್ಲೇ ಬಿಟ್ಟು ಹಳೇ ಚಪ್ಪಲಿ ಹಾಕಿಕೊಳ್ಳಿ.