ಹಾಟ್ ಡೆಸ್ಕಾ, ಫಿಕ್ಸೆಡ್ ಸೀಟಾ?

ಆಫೀಸಿಗೆ ದಿನಾ ಖಾಲಿ ಇದ್ದಲ್ಲಿ ಕೂರೋ ಹಾಟ್ ಡೆಸ್ಕಾ, ಒಬ್ಬೊಬ್ರಿಗೂ ಖಾಯಂ ಜಾಗ ಇರೋ ಫಿಕ್ಸೆಡ್ ಸೀಟಾ, ಯಾವ್ದು ಆರಿಸ್ಬೇಕು ಅಂತ ತಲೆ ಕೆಡಿಸ್ಕೊಂಡಿದ್ರೆ ಮೊದ್ಲು ಇದನ್ನ ನೋಡಿ, ನಿಮ್ಮ ಟೀಮಲ್ಲಿ ಜನ ದಿನಕ್ಕೆ ಎಷ್ಟು ಸಲ ಪಕ್ಕಕ್ಕೆ ತಿರುಗಿ "ಒಂದ್ನಿಮಿಷ ಇದ್ ನೋಡೋ" ಅಂತಾರೆ? ಪದೇಪದೇ ಅಂದ್ರೆ ಫಿಕ್ಸೆಡ್ ಸೀಟೇ ಸರಿ. ಅಮೆರಿಕದ ಎಂಐಟಿಯ ಪ್ರೊಫೆಸರ್ ಥಾಮಸ್ ಆಲನ್ 1970ರ ದಶಕದಲ್ಲೇ ತೋರಿಸಿದ್ರು, ಇಂಜಿನಿಯರ್‌ಗಳ ಮೇಜಿನ ಮಧ್ಯೆ ದೂರ ಜಾಸ್ತಿ ಆದಂಗೆ ಮಾತು ಗಬಕ್ಕಂತ ಇಳಿಯುತ್ತೆ ಅಂತ.

ಹಾಟ್ ಡೆಸ್ಕಲ್ಲಿ ಏನಾಗುತ್ತೆ ಅಂದ್ರೆ ಬೆಳಗ್ಗೆ ಬಂದು ಖಾಲಿ ಸೀಟ್ ಹುಡುಕಿ, ಕುರ್ಚಿ ಎತ್ತರ ಸರಿ ಮಾಡ್ಕೊಂಡು, ಮಾನಿಟರ್ ಕೇಬಲ್ ಜೊತೆ ಗುದ್ದಾಡಿ ಕೂರೋಷ್ಟರಲ್ಲಿ ಟೀಮಿನವ್ರು ಎಲ್ಲಿದಾರೋ ಗೊತ್ತಿರಲ್ಲ, ಹೋಗಿ ಹುಡುಕೋ ಬದ್ಲು ಚಾಟಲ್ಲೇ "ಎಲ್ಲಿದೀಯಾ" ಅಂತ ಕಳ್ಸೋದು, ಆಮೇಲೆ ಪೂರ್ತಿ ಮಾತೇ ಅಲ್ಲಿ ಮುಗಿಯುತ್ತೆ. ಲಾಭ ಇಲ್ಲ ಅಂತಲ್ಲ, ಬೇರೆ ಡಿಪಾರ್ಟ್‌ಮೆಂಟಿನವರ ಪರಿಚಯ ಆಗೋದು ಇಲ್ಲೇ ಜಾಸ್ತಿ, ಜಾಗಾನೂ ಉಳಿಯುತ್ತೆ. (ಮ್ಯಾನೇಜ್‌ಮೆಂಟಿಗೆ ಅಸಲಿ ಆಸೆ ಇದೇ, ಸಹಯೋಗ ಅನ್ನೋದು ಪೋಸ್ಟರಿಗೆ!)

ಗೋಡೆ ತೆಗೆದ್ರೆ ಮಾತು ತಾನಾಗೇ ಹೆಚ್ಚುತ್ತೆ ಅಂತ ಮಾತ್ರ ನಂಬ್ಬೇಡಿ. 2018ರಲ್ಲಿ ಹಾರ್ವರ್ಡ್‌ನ ಇಬ್ರು ಪ್ರಕಟಿಸಿದ ಅಧ್ಯಯನದಲ್ಲಿ ಓಪನ್ ಆಫೀಸಿಗೆ ಬದಲಾದ್ಮೇಲೆ ಮುಖಾಮುಖಿ ಮಾತು ಸುಮಾರು 70% ಬಿದ್ದು ಇಮೇಲ್ ಏರಿತ್ತು. ಅದು ಹಾಟ್ ಡೆಸ್ಕ್ ಅಲ್ಲ ನಿಜ, ಆದ್ರೆ ಎಲ್ರ ಕಣ್ಣೆದುರು ಕೂತಾಗ ಹೆಡ್‌ಫೋನ್ ಹಾಕ್ಕೊಳ್ಳೋ ಬುದ್ಧಿ ಎರಡ್ರಲ್ಲೂ ಒಂದೇ.

ಅರ್ಧ ದಿನ ಹೊರಗಿರೋ ಸೇಲ್ಸ್‌ನವ್ರಿಗೆ ಹಾಟ್ ಡೆಸ್ಕ್ ಕೊಡಿ, ಹೊಸ್ದಾಗಿ ಸೇರಿದವ್ರನ್ನ ಮಾತ್ರ ದಯವಿಟ್ಟು ಸೀನಿಯರ್ ಪಕ್ಕ ಖಾಯಂ ಆಗಿ ಕೂರ್ಸಿ.