ಸಿಡಿಲಿಗೆ ಸತ್ತ ಹಾರ್ಡ್ ಡಿಸ್ಕಿಗೆ ಆನ್‌ಲೈನ್ ಬೋರ್ಡ್: ತರಿಸಬೇಕೇ?

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗದ ರಿಪೇರಿ ಅಂಗಡಿಗಳಿಗೆ ಸತ್ತ ಹಾರ್ಡ್ ಡಿಸ್ಕುಗಳು ಬರತೊಡಗುತ್ತವೆ. ಎಲ್ಲಕ್ಕೂ ಸಿಡಿಲೇ ಕಾರಣವಲ್ಲ. ಲೈನ್ ಮೇಲೆ ಮರ ಬಿದ್ದು ನ್ಯೂಟ್ರಲ್ ಹರಿದರೆ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರ ನುಗ್ಗಬಹುದು. ಅಗ್ಗದ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ತಾನೂ ಸತ್ತು ಡಿಸ್ಕನ್ನೂ ಕೊಲ್ಲುತ್ತದೆ. ಎಕ್ಸ್‌ಟರ್ನಲ್ ಡಿಸ್ಕಿನ 12 ವೋಲ್ಟ್ ಸಾಕೆಟ್ಟಿಗೆ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಚುಚ್ಚಿ ಸುಟ್ಟುಕೊಂಡವರೂ ಇದ್ದಾರೆ. ಇವರೆಲ್ಲರ ಕಣ್ಣಿಗೆ ಮೊದಲು ಬೀಳುವುದು ‘ಅದೇ ಮಾಡೆಲ್ಲಿನ ಬೋರ್ಡ್, ಸ್ಕ್ರೂ ಬಿಚ್ಚಿ ಹಾಕಿದರಾಯಿತು’ ಎನ್ನುವ ಆನ್‌ಲೈನ್ ಸರಕು, ಅಂದರೆ ಡಿಸ್ಕಿನ ಹೊರಗಿರುವ ಸರ್ಕ್ಯೂಟ್ ಬೋರ್ಡ್. ಸರಕು ಮೋಸದ್ದಲ್ಲ, ಆ ಮಾತು ಮಾತ್ರ ಅರ್ಧ ಸುಳ್ಳು.

ಆರ್ಡರ್ ಮಾಡುವ ಮುನ್ನ ಮಲ್ಟಿಮೀಟರ್ ಹಿಡಿಯಿರಿ. ಟಾರ್ಕ್ಸ್ ಬಿಟ್‌ನಿಂದ ಹಸಿರು ಬೋರ್ಡ್ ಬಿಚ್ಚಿದರೆ ಪವರ್ ಕನೆಕ್ಟರ್ ಪಕ್ಕದಲ್ಲಿ ಕಪ್ಪು ಚೌಕದ ಎರಡು ಟಿವಿಎಸ್ ಡಯೋಡ್ ಕಾಣುತ್ತವೆ: ಒಂದು 5 ವೋಲ್ಟ್ ಲೈನಿಗೆ, ಇನ್ನೊಂದು 12ಕ್ಕೆ. 2.5 ಇಂಚಿನ ಡಿಸ್ಕ್ 5 ವೋಲ್ಟಿನಲ್ಲೇ ಓಡುವುದರಿಂದ ಅದರಲ್ಲಿ ಸಾಮಾನ್ಯವಾಗಿ ಒಂದೇ. ವೋಲ್ಟೇಜ್ ಏರಿದಾಗ ಶಾರ್ಟ್ ಆಗಿ ಉಳಿದದ್ದನ್ನು ಕಾಯುವುದೇ ಇವುಗಳ ಕೆಲಸ. ಎರಡೂ ದಿಕ್ಕಿನಲ್ಲಿ ಮೀಟರ್ ಸೊನ್ನೆಯ ಹತ್ತಿರ ಓಮ್ ತೋರಿಸಿದರೆ ಆ ಡಯೋಡ್ ತೆಗೆದುಬಿಡಿ. ಡಿಸ್ಕನ್ನು ತಿರುಗಿಸುವ ಮೋಟಾರ್ ಐಸಿ ಉಳಿದಿದ್ದರೆ ಡಿಸ್ಕ್ ತಿರುಗುತ್ತದೆ. ಪಕ್ಕದ ಸೊನ್ನೆ ಓಮ್ ರೆಸಿಸ್ಟರ್ ಓಪನ್ ಆಗಿದೆಯೇ, ಅಂದರೆ ಒಳಗೇ ಕಡಿದಿದೆಯೇ ಎಂದೂ ನೋಡಿ. ಡಯೋಡ್ ಇಲ್ಲದ ಡಿಸ್ಕಿಗೆ ಕಾವಲಿಲ್ಲ, ಆದ್ದರಿಂದ ಒಳ್ಳೆಯ ಪವರ್ ಸಪ್ಲೈನಲ್ಲಿ ಕಾಪಿ ಮಾಡುವಷ್ಟು ಹೊತ್ತು ಮಾತ್ರ ಓಡಿಸಿ.

ಮೋಟಾರ್ ಐಸಿಯೇ ಉಬ್ಬಿ ತೂತಾಗಿದ್ದರೆ ಬೋರ್ಡ್ ತರಿಸಬೇಕು. ಡಿಸ್ಕಿನ ಲೇಬಲ್ ಮೇಲಿನ ಮಾಡೆಲ್ ನಂಬಬೇಡಿ, ಬೋರ್ಡಿನ ಮೇಲೆ ಅಚ್ಚಾದ ನಂಬರ್ ಹೊಂದಿಸಿ. ವೆಸ್ಟರ್ನ್ ಡಿಜಿಟಲ್‌ನಲ್ಲಿ ಅದು 2060ರಿಂದ ಶುರುವಾಗುತ್ತದೆ. ಬಂದ ಬೋರ್ಡನ್ನು ಹಾಗೇ ಕೂರಿಸಿದರೆ ಈಗಿನ ಡಿಸ್ಕುಗಳು ಸಾಮಾನ್ಯವಾಗಿ ಟಕ್ ಟಕ್ ಎನ್ನುತ್ತವೆ, ಇಲ್ಲವೇ ಬಯಾಸ್‌ನಲ್ಲಿ ಕಾಣುವುದೇ ಇಲ್ಲ. ಆ ಡಿಸ್ಕಿನ ಹೆಡ್ಡುಗಳಿಗೆಂದೇ (ಡೇಟಾ ಓದಿ ಬರೆಯುವ ಭಾಗಗಳು) ಫ್ಯಾಕ್ಟರಿಯಲ್ಲಿ ಹೊಂದಿಸಿದ ಲೆಕ್ಕಗಳು ಹಳೆಯ ಬೋರ್ಡಿನ ಎಂಟು ಕಾಲಿನ 25 ಸರಣಿಯ ರೋಮ್ (ROM) ಚಿಪ್ಪಿನಲ್ಲೇ ಕುಳಿತಿರುತ್ತವೆ. ಅದನ್ನು ಕಿತ್ತು ಹೊಸದಕ್ಕೆ ಹಾಕಬೇಕು. ಹೀಗಾಗಿ ಈ ಸರಕಿನಲ್ಲಿ ಬೋರ್ಡಿಗಿಂತ ‘ಚಿಪ್ ಬದಲಿಸಿ ಕೊಡುತ್ತೇವೆ’ ಎಂಬ ಸೇವೆಗೇ ಹೆಚ್ಚು ಬೆಲೆ. ಅದಿಲ್ಲದ ಮಾರಾಟಗಾರನಾದರೆ ಒಳ್ಳೆಯ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ: ಹಾಟ್ ಏರ್ ಗನ್, ಮೈಕ್ರೋಸ್ಕೋಪ್, ದಿನವೂ ಸಣ್ಣ ಐಸಿ ಎತ್ತಿಟ್ಟ ಕೈ, ಮೂರೂ ಅಲ್ಲಿವೆ. ಫ್ಲಕ್ಸ್ ಹಚ್ಚಿ 350 ಡಿಗ್ರಿ ಆಸುಪಾಸಿನಲ್ಲಿ ಎತ್ತಿದರೆ ಕೆಲವು ನಿಮಿಷದ ಕೆಲಸ. ಎತ್ತಿದ ಮೇಲೆ 3.3 ವೋಲ್ಟಿನ ಪ್ರೋಗ್ರಾಮರ್‌ನಲ್ಲಿ ಓದಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಕೂರಿಸುವಾಗ ಒಂದನೇ ಕಾಲಿನ ಚುಕ್ಕಿ ತಿರುಗಿ ಕೂತರೆ, ಪವರ್ ಕೊಟ್ಟೊಡನೆ ಚಿಪ್ ಹೋಗುತ್ತದೆ, ಅದರೊಳಗಿನ ಲೆಕ್ಕವೂ. ಕೆಲವು ವೆಸ್ಟರ್ನ್ ಡಿಜಿಟಲ್ ಬೋರ್ಡುಗಳಲ್ಲಿ ಈ ಚಿಪ್ಪೇ ಇಲ್ಲ, ಲೆಕ್ಕ ಮುಖ್ಯ ಪ್ರೊಸೆಸರಿನೊಳಗೇ ಇರುತ್ತದೆ. ಅಂಥವನ್ನು ಪಿಸಿ-3000 ಎಂಬ ಡೇಟಾ ರಿಕವರಿ ಉಪಕರಣ ಇಟ್ಟುಕೊಂಡವರಿಗೇ ಒಪ್ಪಿಸಿ.

ಬೋರ್ಡಿನ ಒಳಮೈಯ ಹೆಡ್ ಕಾಂಟ್ಯಾಕ್ಟುಗಳು ನಮ್ಮ ಮಳೆಗಾಲದ ತೇವಕ್ಕೆ ಕಪ್ಪಾಗಿರುತ್ತವೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಇಷ್ಟಾದರೂ ಟಕ್ ಟಕ್ ನಿಲ್ಲದಿದ್ದರೆ ಒಳಗೆ ಹೆಡ್ಡುಗಳ ಸಿಗ್ನಲ್ ಹಿಗ್ಗಿಸುವ ಪ್ರೀಆಂಪ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ; ಆ ಡಿಸ್ಕ್ ತೆರೆಯಬೇಕಾದ್ದು ಧೂಳಿಲ್ಲದ ಕ್ಲೀನ್ ರೂಮಿನಲ್ಲಿ, ಊರಿನ ಅಂಗಡಿಯ ಮೇಜಿನ ಮೇಲಲ್ಲ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಬೋರ್ಡ್ ಬದಲಿಸುವ ಈ ಮಾತು ಅನ್ವಯಿಸದು.

ಡಿಸ್ಕ್ ತಿರುಗಿ, ಕಂಪ್ಯೂಟರಿನಲ್ಲಿ ಕಂಡಿತೆಂದರೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಬಹುದು, ಬೇಡ ಎನ್ನಿ. ವಿಂಡೋಸಿನ ಡಿಸ್ಕ್ ದೋಷ ಸರಿಪಡಿಸುವ ಚೆಕ್‌ಡಿಸ್ಕ್ ಕೂಡ ಬೇಡ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಕಾಪಿ ತಂತ್ರಾಂಶ ಬಳಸಿ, ಅಷ್ಟೇ ದೊಡ್ಡದಾದ ಇನ್ನೊಂದು ಡಿಸ್ಕಿಗೆ ಪೂರ್ತಿ ಇಮೇಜ್ ತೆಗೆದು ಫೈಲು ಅಲ್ಲಿಂದ ಹೆಕ್ಕಿ. ಯುಎಸ್‌ಬಿ ಸಾಕೆಟ್ ಬೋರ್ಡಿಗೇ ಬೆಸೆದ ಪೋರ್ಟಬಲ್ ಡಿಸ್ಕಾದರೆ, ಪಾಸ್‌ವರ್ಡ್ ಹಾಕಿರದಿದ್ದರೂ ಡೇಟಾ ಎನ್‌ಕ್ರಿಪ್ಟ್ ಆಗಿರಬಹುದು, ಹಾಗಾಗಿ ಸುಟ್ಟ ಬೋರ್ಡನ್ನು ಗುಜರಿಗೆ ಹಾಕದೆ ಡಿಸ್ಕಿನ ಜೊತೆಗೇ ರಿಪೇರಿಗೆ ಕಳಿಸಿ.